ಪತ್ರಾಗಾರಗಳು ಮುಚ್ಚಿರುವಾಗ ಮನೆತನದ ಇತಿಹಾಸದ ಕೆಲಸವನ್ನು ಮುಂದುವರಿಸುವುದು ಹೇಗೆ?

ಹಳೆಯಟ್ರಂಕು (ಪ್ರಶ್ನೆ, ಮೇ 2020)

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ಬಿಡುವಿನ ವೇಳೆಯಲ್ಲಿ ನಮ್ಮ ಮನೆತನದ ಇತಿಹಾಸವನ್ನು ಕಲೆಹಾಕುತ್ತಿದ್ದೇನೆ. ತಂದೆಯ ಕಡೆಯಲ್ಲಿ ಅಜ್ಜನವರೆಗಿನ ವಿವರಗಳಿಗೆ ಕಾಗದಪತ್ರಗಳ ಆಧಾರವಿದೆ. ಅಜ್ಜನ ತಾಯಿಯ ಹತ್ತಿರ ಬಂದಾಗ ಮಾತ್ರ ದಾರಿ ಮುಚ್ಚಿಕೊಳ್ಳುತ್ತದೆ. ಆಕೆಯ ಹೆಸರೊಂದನ್ನು ಬಿಟ್ಟರೆ ಹುಟ್ಟಿದ ವರ್ಷವಾಗಲಿ, ತೀರಿಕೊಂಡ ವರ್ಷವಾಗಲಿ, ತವರಿನವರ ಪೂರ್ಣ ವಿವರವಾಗಲಿ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಶಾಲೆಯ ದಾಖಲೆಯ ಪ್ರಕಾರ ಅಜ್ಜ ಹುಟ್ಟಿದ್ದು 1914ರಲ್ಲಿ. ಅವರು ಬೆಳೆದದ್ದು ತಮ್ಮ ಸೋದರಮಾವನ ಮನೆಯಲ್ಲಿ. ತಾಯಿ ಚಿಕ್ಕ ವಯಸ್ಸಿನಲ್ಲೇ ಯಾವುದೋ ಜ್ವರದಲ್ಲಿ ಹೋದರಂತೆ ಎಂಬ ಒಂದು ಮಾತು ಮಾತ್ರ ಮನೆಯಲ್ಲಿ ಉಳಿದುಕೊಂಡಿದೆ.

ಮಾರ್ಚ್ ಕೊನೆಯ ವಾರದಲ್ಲಿ ಪತ್ರಾಗಾರಕ್ಕೆ ಹೋಗಿ ಮರಣದ ದಾಖಲೆಗಳನ್ನು ನೋಡಬೇಕೆಂದು ಸಿದ್ಧತೆ ಮಾಡಿಕೊಂಡಿದ್ದೆ. ಅಷ್ಟರಲ್ಲಿ ಲಾಕ್‌ಡೌನ್ ಬಂತು. ಬರೆದ ಮಿಂಚಂಚೆಗೆ, ಕಚೇರಿ ತೆರೆಯುವ ದಿನವನ್ನು ಈಗ ಹೇಳಲಾಗದು ಎಂಬ ಉತ್ತರ ಬಂದಿದೆ. ಮನೆಯಲ್ಲಿ ಅಜ್ಜನ ಒಂದು ಟ್ರಂಕು ಇದೆ. ಅದರಲ್ಲಿ ಮೂವತ್ತಕ್ಕೂ ಹೆಚ್ಚು ಫೋಟೋಗಳು, ಒಂದು ಕಟ್ಟು ಕಾಗದಗಳು ಮತ್ತು ಕೆಲವು ಅಂಚೆ ಕಾರ್ಡುಗಳಿವೆ. ಬೇರೆ ಊರಿನಲ್ಲಿ ನನ್ನ ಸೋದರತ್ತೆ ಇದ್ದಾರೆ. ಅವರಿಗೆ ಎಂಬತ್ತಾರು ವರ್ಷ, ಕಿವಿ ಸ್ವಲ್ಪ ಮಂದ. ಸದ್ಯ ಅವರನ್ನು ಹೋಗಿ ನೋಡುವಂತೆಯೂ ಇಲ್ಲ.

ದಿನವಿಡೀ ಮನೆಯಲ್ಲೇ ಇರುವುದರಿಂದ ಸಮಯಕ್ಕೆ ಕೊರತೆಯಿಲ್ಲ. ಇಂತಹ ಸ್ಥಿತಿಯಲ್ಲಿ ಯಾವ ಕೆಲಸವನ್ನು ಮೊದಲು ಹಿಡಿಯಬೇಕು, ಯಾವುದನ್ನು ಪತ್ರಾಗಾರ ತೆರೆಯುವವರೆಗೆ ಬಿಡಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಬೇಕು.

ಬೇರುಬಿಳಲು

ನಿಮ್ಮ ಪ್ರಶ್ನೆಯಲ್ಲಿ ಪತ್ರಾಗಾರ ಮೊದಲು ಬಂದಿದೆ, ಟ್ರಂಕು ಆಮೇಲೆ, ಅತ್ತೆ ಕೊನೆಗೆ. ಈ ಕ್ರಮವನ್ನು ಪೂರ್ತಿ ತಿರುಗಿಸಬೇಕೆಂದು ನಿಮ್ಮಲ್ಲಿ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಮರಣದ ದಾಖಲೆ ನೂರು ವರ್ಷ ಕಪಾಟಿನಲ್ಲಿದ್ದರೆ ಇನ್ನಾರು ತಿಂಗಳೂ ಅಲ್ಲಿಯೇ ಇರುತ್ತದೆ. ಎಂಬತ್ತಾರು ವರ್ಷದವರ ನೆನಪಿನ ವಿಷಯದಲ್ಲಿ ಆ ಭರವಸೆ ಯಾವ ಕಾಲಕ್ಕೂ ಇರುವುದಿಲ್ಲ, ಈ ಕಾಲದಲ್ಲಂತೂ ಇಲ್ಲವೇ ಇಲ್ಲ. ನಾನು ನನ್ನ ದೊಡ್ಡಪ್ಪನನ್ನು ಕೇಳಬೇಕೆಂದು ಪ್ರಶ್ನೆಗಳನ್ನು ಬರೆದಿಟ್ಟುಕೊಂಡು, ಮುಂದಿನ ರಜೆಯಲ್ಲಿ ಕೇಳೋಣವೆಂದು ಎರಡು ಬಾರಿ ಮುಂದೂಡಿದೆ. ಆ ಪ್ರಶ್ನೆಗಳ ಹಾಳೆ ಈಗಲೂ ನನ್ನ ಕಡತದಲ್ಲಿದೆ, ಉತ್ತರಗಳ ಜಾಗ ಖಾಲಿಯಿದೆ.

ದೂರವಾಣಿಯಲ್ಲಿ ಹಿರಿಯರಿಂದ ಹಳೆಯ ಸಂಗತಿಗಳನ್ನು ಕೇಳಿ ತಿಳಿಯುವುದಕ್ಕೆ ಸ್ವಲ್ಪ ತಯಾರಿ ಬೇಕು. ಮೊದಲನೆಯ ಕರೆಯಲ್ಲಿ ಏನನ್ನೂ ಕೇಳದೆ, ಹೀಗೊಂದು ಕೆಲಸ ಮಾಡುತ್ತಿದ್ದೇನೆ, ನಿಮ್ಮ ಮಾತನ್ನು ಧ್ವನಿಮುದ್ರಿಸಿಕೊಳ್ಳಲೇ ಎಂದು ಒಪ್ಪಿಗೆ ಪಡೆದುಕೊಳ್ಳಿ. ಯಾವ ಹೊತ್ತು ಅವರಿಗೆ ಅನುಕೂಲ ಎಂಬುದನ್ನು ಅವರೇ ಹೇಳಲಿ. ವಯಸ್ಸಾದವರು ಅರ್ಧ ಗಂಟೆಯ ನಂತರ ದಣಿಯುತ್ತಾರೆ, ಆದರೆ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆದ್ದರಿಂದ ಒಂದೇ ದಿನ ಎರಡು ಗಂಟೆ ಮಾತಾಡುವ ಬದಲು ವಾರಕ್ಕೆ ಎರಡು ಸಲ ಚಿಕ್ಕ ಕರೆಗಳನ್ನು ಮಾಡುವುದು ಮೇಲು. ಎರಡು ಕರೆಗಳ ನಡುವಿನ ಬಿಡುವಿನಲ್ಲಿ ಅವರಿಗೆ ತಾವಾಗಿಯೇ ಎಷ್ಟೋ ಸಂಗತಿಗಳು ನೆನಪಿಗೆ ಬರುತ್ತವೆ. ಕಿವಿ ಮಂದವೆಂದು ಹೇಳಿದ್ದೀರಿ. ಅವರ ಮನೆಯಲ್ಲಿ ಯಾರಾದರೂ ಪಕ್ಕದಲ್ಲಿ ಕುಳಿತು ನಿಮ್ಮ ಪ್ರಶ್ನೆಯನ್ನು ಇನ್ನೊಮ್ಮೆ ಹೇಳುವಂತಿದ್ದರೆ ಒಳ್ಳೆಯದು. ವಿಡಿಯೋ ಕರೆಯಾದರೆ ನಿಮ್ಮ ತುಟಿಗಳ ಚಲನೆ ಕಾಣುವುದರಿಂದ ಅವರಿಗೆ ಕೇಳಿಸಿಕೊಳ್ಳುವುದು ಇನ್ನೂ ಸುಲಭವಾಗುತ್ತದೆ.

ಇಸವಿಗಳನ್ನು ಕೇಳಲೇಬೇಡಿ. ಯಾವ ವರ್ಷ ಎಂದು ಕೇಳಿದ ಕೂಡಲೇ ಹಿರಿಯರು ಪರೀಕ್ಷೆಗೆ ಕುಳಿತವರಂತೆ ಗಾಬರಿಯಾಗಿ, ನನಗೇನೂ ನೆನಪಿಲ್ಲವಪ್ಪ ಎಂದುಬಿಡುತ್ತಾರೆ. ಅದರ ಬದಲು, ಆ ಮನೆಯೊಳಗೆ ಕಾಲಿಟ್ಟರೆ ಮೊದಲು ಏನು ಕಾಣುತ್ತಿತ್ತು, ರಾತ್ರಿ ಯಾರು ಎಲ್ಲಿ ಮಲಗುತ್ತಿದ್ದರು, ಯಾರ ಹೆಸರು ಹೇಳಿದರೆ ನಿಮ್ಮ ಅಪ್ಪ ಮೌನವಾಗುತ್ತಿದ್ದರು ಎಂದು ಕೇಳಿ. ಇಂಥವರ ಮದುವೆಯ ಹೊತ್ತಿಗೆ ನೀವು ನಡೆಯುತ್ತಿದ್ದಿರಾ, ಶಾಲೆಗೆ ಹೋಗುತ್ತಿದ್ದಿರಾ ಎಂದರೆ ಇಸವಿ ಹೆಚ್ಚುಕಡಿಮೆ ಸಿಕ್ಕಂತೆಯೇ. ಅವರು ತಪ್ಪು ಹೇಳುತ್ತಿದ್ದಾರೆಂದು ನಿಮಗೆ ಅನ್ನಿಸಿದರೂ ನಡುವೆ ತಿದ್ದಲು ಹೋಗಬೇಡಿ, ಬರೆದುಕೊಂಡು ಇನ್ನೊಂದು ದಿನ ಬೇರೆ ದಾರಿಯಿಂದ ಅದೇ ವಿಷಯಕ್ಕೆ ಬನ್ನಿ. ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ. ದೂರವಾಣಿಯಲ್ಲಿ ಮೌನ ಬಹಳ ಉದ್ದವೆನಿಸುತ್ತದೆ, ಆದರೆ ಮುಖ್ಯವಾದ ಮಾತು ಬರುವುದು ಬಹುತೇಕ ಆ ಮೌನದ ಆಚೆಯಿಂದಲೇ.

ಟ್ರಂಕಿನ ಫೋಟೋಗಳನ್ನು ಕರೆಗೆ ಮೊದಲೇ, ಒಂದು ಸಲಕ್ಕೆ ಎರಡು ಅಥವಾ ಮೂರನ್ನು ಮಾತ್ರ, ಅವರ ಮನೆಯವರ ಮೊಬೈಲಿಗೆ ಕಳುಹಿಸಿ. ಮುಖಗಳು ಗುರುತು ಸಿಗದಿದ್ದರೂ ಕುರ್ಚಿ, ಕಿಟಕಿ, ಸೀರೆಯ ಅಂಚು ಗುರುತು ಸಿಗುತ್ತವೆ, ಅಲ್ಲಿಂದ ಮಾತು ಹೊರಡುತ್ತದೆ. ಕರೆ ಮುಗಿದ ದಿನವೇ ಮುದ್ರಿಕೆಯನ್ನು ಕೇಳಿ ಬರೆದಿಡಿ, ಯಾರು ಹೇಳಿದರು, ಯಾವ ದಿನ ಹೇಳಿದರು, ತಾವೇ ಕಂಡದ್ದೋ ಇನ್ನೊಬ್ಬರಿಂದ ಕೇಳಿದ್ದೋ ಎಂಬುದನ್ನು ತಪ್ಪದೆ ನಮೂದಿಸಿ. ಧ್ವನಿಕಡತದ ಒಂದು ಪ್ರತಿಯನ್ನು ಇನ್ನೊಬ್ಬ ಸಂಬಂಧಿಕರ ಬಳಿಯೂ ಇರಿಸಿ.

ಕಡತಪ್ರಿಯ

ಮೇಲಿನ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ನಾನು ಟ್ರಂಕು ಮತ್ತು ಅಂತರಜಾಲದ ದಾಖಲೆಗಳ ಬಗ್ಗೆ ಬರೆಯುತ್ತೇನೆ.

ಫೋಟೋಗಳನ್ನು ಸ್ಕ್ಯಾನ್ ಮಾಡುವುದಾದರೆ 600 ಡಿಪಿಐಗೆ (ಒಂದು ಅಂಗುಲಕ್ಕೆ ಎಷ್ಟು ಚುಕ್ಕಿ ಎಂಬ ಸ್ಪಷ್ಟತೆಯ ಅಳತೆ) ಕಡಿಮೆಯಿಲ್ಲದಂತೆ ಮಾಡಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಬೇಕು, ಅಲ್ಲಿ ಏನೂ ಬರೆದಿಲ್ಲವೆಂದು ತೋರಿದರೂ ಬಿಡಬಾರದು. ಸ್ಕ್ಯಾನರ್ ಇಲ್ಲದಿದ್ದರೆ ಮೋಡ ಕವಿದ ಹೊತ್ತಿನಲ್ಲಿ ಕಿಟಕಿಯ ಪಕ್ಕದ ಬೆಳಕಿನಲ್ಲಿ, ಫ್ಲ್ಯಾಶ್ ಬಳಸದೆ, ಮೊಬೈಲನ್ನು ಕಾಗದಕ್ಕೆ ಸಮಾನಾಂತರವಾಗಿ ಹಿಡಿದು ತೆಗೆಯಿರಿ. ಮಸುಕಾದ ಅಂಚೆ ಮುದ್ರೆಯಾಗಲಿ, ಪೆನ್ಸಿಲ್ ಬರಹವಾಗಲಿ ಇದ್ದರೆ ಕೋಣೆಯನ್ನು ಕತ್ತಲು ಮಾಡಿ, ಟಾರ್ಚನ್ನು ಕಾಗದದ ಅಂಚಿನಿಂದ ಓರೆಯಾಗಿ ಬಿಟ್ಟು ನೋಡಿ. ಒತ್ತಿದ ಗುರುತುಗಳ ನೆರಳು ಎದ್ದು, ನೇರ ಬೆಳಕಿನಲ್ಲಿ ಕಾಣದ ಅಕ್ಷರಗಳು ಕಾಣುತ್ತವೆ. ಅಂಟುಪಟ್ಟಿ ಹಚ್ಚುವುದು, ಲ್ಯಾಮಿನೇಷನ್ ಮಾಡಿಸುವುದು ಎರಡೂ ಬೇಡ. ಫೋಟೋದ ಹಿಂದೆ ಹೆಸರು ಬರೆಯಬೇಕಾದರೆ ಮೆತ್ತನೆಯ ಪೆನ್ಸಿಲಿನಿಂದ, ಅಂಚಿನಲ್ಲಿ, ಒತ್ತದೆ ಬರೆಯಿರಿ. ದಪ್ಪ ರಟ್ಟಿಗೆ ಅಂಟಿಸಿದ, ಸುಮಾರು ನಾಲ್ಕೂಕಾಲು ಅಂಗುಲ ಅಗಲ ಮತ್ತು ಆರೂವರೆ ಅಂಗುಲ ಉದ್ದದ ಚಿತ್ರಗಳಿದ್ದರೆ ಅವು ಕ್ಯಾಬಿನೆಟ್ ಕಾರ್ಡುಗಳಾಗಿರಬಹುದು. ಈ ಬಗೆ 1860ರ ದಶಕದಲ್ಲಿ ಶುರುವಾಗಿ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗೂ ಬಳಕೆಯಲ್ಲಿತ್ತು. ರಟ್ಟಿನ ಕೆಳಗೆ ಅಚ್ಚಾಗಿರುವ ಸ್ಟುಡಿಯೋದ ವಿಳಾಸ ಯಾವ ವರ್ಷದಿಂದ ಯಾವ ವರ್ಷದವರೆಗೆ ಇತ್ತು ಎಂಬುದು ಹಳೆಯ ವ್ಯಾಪಾರ ಡೈರೆಕ್ಟರಿಗಳಲ್ಲಿ ಸಿಕ್ಕಿದರೆ ಚಿತ್ರದ ಕಾಲಕ್ಕೆ ಎರಡೂ ಕಡೆ ಗಡಿ ಹಾಕಿದಂತಾಗುತ್ತದೆ.

ಕಡತಗಳಿಗೆ ಹೆಸರಿಡಲು ಒಂದು ಹಳೆಯ ಸಂಖ್ಯಾಕ್ರಮವಿದೆ. ಹದಿನಾರನೆಯ ಶತಮಾನದ ಕೊನೆಯಲ್ಲೇ ಯುರೋಪಿನಲ್ಲಿ ಅಚ್ಚಿಗೆ ಬಂದಿದ್ದ ಈ ಪದ್ಧತಿಯನ್ನು ಇಂದಿಗೂ ಬಳಸುತ್ತಾರೆ. ನೀವು 1, ತಂದೆ 2, ತಾಯಿ 3. ಯಾರದೇ ಸಂಖ್ಯೆಯನ್ನು ಇಮ್ಮಡಿ ಮಾಡಿದರೆ ಅವರ ತಂದೆ, ಅದಕ್ಕೆ ಒಂದು ಕೂಡಿದರೆ ಅವರ ತಾಯಿ. ಆ ಲೆಕ್ಕದಲ್ಲಿ ನಿಮ್ಮ ಅಜ್ಜ 4, ಅವರ ತಂದೆ 8, ನೀವು ಹುಡುಕುತ್ತಿರುವ ಮುತ್ತಜ್ಜಿ 9. ಪ್ರತಿ ಸಂಖ್ಯೆಗೂ ಒಂದು ಕಡತ ತೆರೆದಿಟ್ಟರೆ ಯಾರ ಬಗ್ಗೆ ಏನಿದೆ, ಏನಿಲ್ಲ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಅಂತರಜಾಲದ ಮಾತಿಗೆ ಬಂದರೆ, ಫ್ಯಾಮಿಲಿಸರ್ಚ್‌ನಿಂದ ಪ್ರಾರಂಭಿಸುವುದು ಸೂಕ್ತ. ಲ್ಯಾಟರ್-ಡೇ ಸೇಂಟ್ಸ್ ಚರ್ಚ್ ನಡೆಸುವ ಈ ತಾಣಕ್ಕೆ ಶುಲ್ಕವಿಲ್ಲ, ಖಾತೆ ತೆರೆದರೆ ಸಾಕು. ಅವರು 1938ರಿಂದ ಹಲವು ದೇಶಗಳ ದಾಖಲೆಗಳನ್ನು ಮೈಕ್ರೊಫಿಲ್ಮ್‌ಗೆ ಇಳಿಸುತ್ತ ಬಂದಿದ್ದಾರೆ. ಹೊಸಬರು ಮಾಡುವ ತಪ್ಪೆಂದರೆ, ಮುಖಪುಟದಲ್ಲಿ ಹೆಸರು ಹಾಕಿ ಹುಡುಕಿ, ಏನೂ ಬರಲಿಲ್ಲವೆಂದು ತಾಣವನ್ನೇ ಬಿಟ್ಟುಬಿಡುವುದು. ಹೆಸರಿನಿಂದ ಹುಡುಕಿದಾಗ ಸಿಗುವುದು ಸೂಚಿ ಮಾಡಿ ಮುಗಿದ ದಾಖಲೆಗಳು ಮಾತ್ರ. ಸೂಚಿಯಾಗದೆ ಬರಿಯ ಚಿತ್ರಗಳಾಗಿ ಉಳಿದಿರುವ ಪುಟಗಳು ಅಪಾರವಾಗಿವೆ. ಅವನ್ನು ತಲುಪಲು ಕೆಟಲಾಗಿನಲ್ಲಿ ಸ್ಥಳದ ಹೆಸರಿನಿಂದ ಹುಡುಕಿ, ಪುಸ್ತಕದ ಹಾಳೆ ತಿರುವಿದಂತೆ ಒಂದೊಂದಾಗಿ ನೋಡುತ್ತ ಹೋಗಬೇಕು. ಮನೆಯಲ್ಲೇ ಕುಳಿತಿರುವ ಈ ದಿನಗಳು ಅಂತಹ ನಿಧಾನದ ಓದಿಗೆ ಹೇಳಿಮಾಡಿಸಿದಂತಿವೆ. ಕ್ಯಾಮೆರಾ ಗುರುತಿನ ಮೇಲೆ ಬೀಗದ ಕೈ ಕಂಡರೆ ಆ ಚಿತ್ರಗಳಲ್ಲಿ ಹೆಚ್ಚಿನವನ್ನು ಅವರ ಕೇಂದ್ರಗಳಲ್ಲೇ ನೋಡಬೇಕು. ಕೇಂದ್ರಗಳು ಈಗ ಮುಚ್ಚಿರುವುದರಿಂದ ಅವುಗಳ ಸಂಖ್ಯೆಯನ್ನು ಗುರುತು ಹಾಕಿಕೊಂಡು ಮುಂದೆ ಹೋಗಿ.

ಲಾಕ್‌ಡೌನಿನಿಂದ ತೆರೆದ ಬಾಗಿಲುಗಳೂ ಇವೆ. ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್ ತನ್ನ ವಾಚನಾಲಯ ಮುಚ್ಚಿದ ಮೇಲೆ, ಏಪ್ರಿಲ್ ತಿಂಗಳಿನಿಂದ ತನ್ನ ತಾಣದಲ್ಲಿರುವ ಡಿಜಿಟಲ್ ದಾಖಲೆಗಳನ್ನು ನೋಂದಾಯಿಸಿಕೊಂಡವರಿಗೆ ಮಿತಿಯೊಳಗೆ ಉಚಿತವಾಗಿ ಕೊಡುತ್ತಿದೆ. ಗ್ರಂಥಾಲಯದೊಳಗೆ ಮಾತ್ರ ಸಿಗುತ್ತಿದ್ದ, ಆನ್ಸೆಸ್ಟ್ರಿ ಎಂಬ ವಂಶಾವಳಿ ತಾಣದ ಗ್ರಂಥಾಲಯ ಆವೃತ್ತಿಯನ್ನು ಹಲವು ಸಾರ್ವಜನಿಕ ಗ್ರಂಥಾಲಯಗಳ ಸದಸ್ಯರು ಈಗ ಮನೆಯಿಂದಲೇ ನೋಡಬಹುದಾಗಿದೆ. ನೀವು ಸದಸ್ಯರಾಗಿರುವ ಗ್ರಂಥಾಲಯದಲ್ಲಿ ಇಂತಹ ಸೌಲಭ್ಯವಿದೆಯೇ ಎಂದು ವಿಚಾರಿಸಿ.

ತಾಣಗಳಲ್ಲಿ ಬೇರೆಯವರು ಹಾಕಿರುವ ವಂಶವೃಕ್ಷಗಳು ಸಿಕ್ಕರೆ ಅವನ್ನು ಸುಳಿವೆಂದು ಮಾತ್ರ ಇಟ್ಟುಕೊಳ್ಳಿ. ಒಬ್ಬರ ಊಹೆಯನ್ನು ಹತ್ತು ಮಂದಿ ನಕಲು ಮಾಡಿಕೊಂಡಿರುವುದರಿಂದ ಅದು ಹತ್ತು ಸಾಕ್ಷಿಗಳಾಗುವುದಿಲ್ಲ.

ಎಳೆಹಿಡಿದು

ಹಿಂದಿನ ಇಬ್ಬರೂ ಗಮನಿಸದೆ ಹೋದ ಒಂದು ಸಂಗತಿ ನಿಮ್ಮ ಪ್ರಶ್ನೆಯಲ್ಲೇ ಇದೆ. ಅಜ್ಜ ಹುಟ್ಟಿದ್ದು 1914ರಲ್ಲಿ. ಅವರ ತಾಯಿ ಚಿಕ್ಕ ವಯಸ್ಸಿನಲ್ಲಿ ಜ್ವರದಿಂದ ಹೋದರು. ಮಗು ಸೋದರಮಾವನ ಮನೆಗೆ ಸೇರಿತು. ಈ ಮೂರನ್ನು ಒಟ್ಟಿಗೆ ಇಟ್ಟು ನೋಡಿದಾಗ 1918–19ರ ಇನ್‌ಫ್ಲುಯೆಂಜಾ ಮಹಾಮಾರಿಯ ನೆನಪು ಬಾರದೆ ಇರುವುದಿಲ್ಲ. ಆಗ ಜಗತ್ತಿನ ಮೂರನೆಯ ಒಂದು ಭಾಗದಷ್ಟು, ಅಂದರೆ ಸುಮಾರು 50 ಕೋಟಿ ಜನರಿಗೆ ಸೋಂಕು ತಗುಲಿತ್ತೆಂದೂ ಸತ್ತವರ ಸಂಖ್ಯೆ 5 ಕೋಟಿಯಷ್ಟಿರಬಹುದೆಂದೂ ಅಂದಾಜಿದೆ. ಸಾಮಾನ್ಯವಾಗಿ ಫ್ಲೂ ಬಲಿ ತೆಗೆದುಕೊಳ್ಳುವುದು ಶಿಶುಗಳನ್ನು ಮತ್ತು ವೃದ್ಧರನ್ನು. ಆ ಬಾರಿ ಇಪ್ಪತ್ತರಿಂದ ನಲವತ್ತು ವರ್ಷದೊಳಗಿನ ಗಟ್ಟಿಮುಟ್ಟಾದವರೇ ಹೆಚ್ಚಾಗಿ ಸತ್ತರು. ಎಳೆಯ ಮಕ್ಕಳ ತಂದೆತಾಯಿಯರ ವಯಸ್ಸೇ ಅದು. ಆದ್ದರಿಂದಲೇ ಜಗತ್ತಿನಾದ್ಯಂತ ಎಷ್ಟೋ ಮನೆತನಗಳ ವಂಶಾವಳಿಯಲ್ಲಿ ಆ ಒಂದೆರಡು ವರ್ಷಗಳಲ್ಲಿ ಒಂದು ತಲೆಮಾರು ಥಟ್ಟನೆ ಕಾಣೆಯಾಗಿ, ಮಕ್ಕಳು ನೆಂಟರ ಮನೆಗಳಲ್ಲಿ ಕಾಣಿಸಿಕೊಳ್ಳುತ್ತಾರೆ.

ಇದು ನಿಮ್ಮ ಮುತ್ತಜ್ಜಿಯ ವಿಷಯದಲ್ಲಿ ನಿಜವೆಂದು ನಾನು ಹೇಳುತ್ತಿಲ್ಲ. ಜ್ವರ ಎಂಬ ಒಂದು ಮಾತಿನಲ್ಲಿ ಮಲೇರಿಯಾ, ಟೈಫಾಯ್ಡ್, ಬಾಣಂತಿಯ ಜ್ವರ ಎಲ್ಲವೂ ಅಡಗಿರಬಹುದು. ಆದರೆ ಹುಡುಕಬೇಕಾದ ವರ್ಷಗಳಿಗೆ ಇದೊಂದು ಆರಂಭದ ಬಿಂದುವಾಗುತ್ತದೆ. ಆ ಪಿಡುಗಿನ ಎರಡನೆಯ ಅಲೆ, ಅಂದರೆ 1918ರ ಕೊನೆಯ ನಾಲ್ಕು ತಿಂಗಳುಗಳ ಅಲೆ, ಉಳಿದೆಲ್ಲಕ್ಕಿಂತ ಭೀಕರವಾಗಿತ್ತು. ಪತ್ರಾಗಾರ ತೆರೆದಾಗ ಮೊದಲು ಆ ತಿಂಗಳುಗಳ ಮರಣದ ದಾಖಲೆಗಳನ್ನು ಕೇಳಿ. ಕಾರಣದ ಕಲಮಿನಲ್ಲಿ ನ್ಯುಮೋನಿಯ ಎಂದಷ್ಟೇ ಬರೆದಿರುವುದು ಬಹಳ ಸಾಮಾನ್ಯ. ನೋಂದಣಿ ಮಾಡುವವರೇ ಕಾಯಿಲೆ ಬಿದ್ದ ಕಡೆಗಳಲ್ಲಿ ನಮೂದುಗಳು ತಡವಾಗಿ ಸೇರಿವೆ, ಕೆಲವೆಡೆ ಸೇರಿಯೇ ಇಲ್ಲ. ಆದ್ದರಿಂದ ಮುಂದಿನ ಕೆಲವು ತಿಂಗಳ ಪುಟಗಳನ್ನೂ ನೋಡಬೇಕಾಗುತ್ತದೆ.

ನೇರ ದಾಖಲೆ ಸಿಗದೆ ಹೋದರೂ ಕೆಲಸ ನಿಲ್ಲಬೇಕಾಗಿಲ್ಲ. ಡಬ್ಲಿನ್ನಿನ ಸಾರ್ವಜನಿಕ ದಾಖಲೆಗಳ ಕಚೇರಿ 1922ರಲ್ಲಿ ಸುಟ್ಟುಹೋದಾಗ ಐರ್ಲೆಂಡಿನ ಹತ್ತೊಂಬತ್ತನೆಯ ಶತಮಾನದ ಎಷ್ಟೋ ಜನಗಣತಿ ಪುಸ್ತಕಗಳು ಬೂದಿಯಾದವು. ಅಲ್ಲಿನ ಸಂಶೋಧಕರು ಭೂಮಿಯ ತೆರಿಗೆಗಾಗಿ ಮಾಡಿದ್ದ ಮೌಲ್ಯಮಾಪನದ ಪಟ್ಟಿಗಳಿಂದ ಯಾವ ಮನೆಯಲ್ಲಿ ಯಾರಿದ್ದರು ಎಂಬುದನ್ನು ಕಟ್ಟಿಕೊಂಡು ಬಂದಿದ್ದಾರೆ. ನಿಮ್ಮ ಮುತ್ತಜ್ಜಿಯ ಬಗ್ಗೆ ಏನೂ ಸಿಗದಿದ್ದಲ್ಲಿ ಆಕೆಯ ಅಣ್ಣತಮ್ಮಂದಿರನ್ನು ಹುಡುಕಿ. ಹೆಣ್ಣುಮಕ್ಕಳ ಹೆಸರು ದಾಖಲೆಗಳಲ್ಲಿ ಮರೆಯಾಗುವುದು ಹೆಚ್ಚು. ಸೋದರಮಾವನ ಹೆಸರು ಜಮೀನಿನ ಪತ್ರದಲ್ಲೋ ನೌಕರಿಯ ದಾಖಲೆಯಲ್ಲೋ ಉಳಿದಿರುತ್ತದೆ. ಅಜ್ಜನ ಶಾಲೆಯ ದಾಖಲೆಯಲ್ಲಿ ಪೋಷಕರ ಹೆಸರಿನ ಜಾಗದಲ್ಲಿ ಯಾರ ಹೆಸರಿದೆ ಎಂಬುದನ್ನು ಒಮ್ಮೆ ನೋಡುವಿರಾ?

ಅತ್ತೆಯವರೊಡನೆ ಈ ವಿಷಯ ಎತ್ತುವಾಗ ಒಂದು ಎಚ್ಚರಿಕೆಯಿರಲಿ. ಹೊರಗೆ ರೋಗ ಹರಡುತ್ತಿರುವ ಹೊತ್ತಿನಲ್ಲಿ, ಒಂಟಿಯಾಗಿ ಕೋಣೆಯಲ್ಲಿ ಕುಳಿತಿರುವ ಹಿರಿಯರ ಮುಂದೆ ಹಳೆಯ ಮಹಾಮಾರಿಯ ಸಾವುಗಳನ್ನು ನೀವಾಗಿ ತೆಗೆಯಬೇಡಿ. ಅವರಾಗಿ ಹೇಳಿದರೆ ಕೇಳಿ.

ಹಳೆಯಟ್ರಂಕು (ಮೂರು ವಾರಗಳ ನಂತರ)

ಮೂವರಿಗೂ ನಾನು ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯದು. ನಡೆದದ್ದನ್ನು ಬರೆಯುತ್ತೇನೆ.

ಅತ್ತೆಗೆ ಈವರೆಗೆ ಐದು ಸಲ ಕರೆ ಮಾಡಿದ್ದೇನೆ. ಮೊಮ್ಮಗಳು ಪಕ್ಕದಲ್ಲಿ ಕುಳಿತು ನನ್ನ ಮಾತನ್ನು ಅವರ ಕಿವಿಯ ಬಳಿ ಹೇಳುತ್ತಾಳೆ. ಮೊದಲ ಎರಡು ಕರೆಗಳಲ್ಲಿ ಅವರ ಬಾಲ್ಯದ ಮನೆಯ ವಿಚಾರವಷ್ಟೇ ಬಂತು. ಮೂರನೆಯ ಕರೆಯಲ್ಲಿ, ನಾನೇನೂ ಕೇಳದಿರುವಾಗಲೇ, ಮೊಮ್ಮಗಳ ಮಾಸ್ಕಿನ ಮಾತು ಬಂದು ಅತ್ತೆ ಸುಮ್ಮನಾದರು. ಸಲಹೆಯಂತೆ ನಾನೂ ಸುಮ್ಮನಿದ್ದೆ. ಆಮೇಲೆ ಅವರು, ‘ನಮ್ಮಪ್ಪನನ್ನು ಮಾವ ಎತ್ತಿಕೊಂಡು ಹೋದಾಗ ಮಾವನ ಮೂಗು ಬಾಯಿಗೂ ಬಟ್ಟೆ ಕಟ್ಟಿತ್ತಂತೆ. ಮುಖ ಕಾಣದೆ ಯಾರೋ ಕಳ್ಳ ಹೊತ್ತುಕೊಂಡು ಹೋಗುತ್ತಿದ್ದಾನೆಂದು ಅಪ್ಪ ಅತ್ತರಂತೆ. ಅಮ್ಮ ಇದ್ದ ಕೋಣೆಯ ಬಾಗಿಲು ತೆರೆಯಲೇ ಇಲ್ಲವಂತೆ’ ಎಂದರು. ಅಜ್ಜ ಈ ಮಾತನ್ನು ಮಗಳ ಬಳಿ ಒಂದೇ ಒಂದು ಸಲ ಹೇಳಿದ್ದರಂತೆ. ನನ್ನ ತಂದೆಗೆ ಇದು ಗೊತ್ತೇ ಇರಲಿಲ್ಲ.

ಆ ರಾತ್ರಿಯೇ ಅಂಚೆ ಕಾರ್ಡುಗಳನ್ನು ತೆಗೆದು ಕುಳಿತೆ. ಅವುಗಳಲ್ಲಿ ಒಂದು ಸೋದರಮಾವ ನಮ್ಮ ಮುತ್ತಜ್ಜನಿಗೆ ಬರೆದದ್ದು. ತೇದಿ ಇಲ್ಲ. ಮಸಿ ಕಂದಿ ತಿಳಿ ಕಂದುಬಣ್ಣಕ್ಕೆ ತಿರುಗಿದೆ. ‘ಮಗು ಇಲ್ಲಿ ಕ್ಷೇಮ. ಈ ಕಡೆ ಜ್ವರ ಇಳಿಮುಖವಾಗಿದೆ. ಸಂಜೆಯಾದರೆ ತಾಯಿಯನ್ನು ಕೇಳುತ್ತಾನೆ, ಏನೆಂದು ಹೇಳುವುದು ತಿಳಿಯದಾಗಿದೆ’ ಎಂದಿದೆ. ದೀಪ ಆರಿಸಿ, ಟಾರ್ಚನ್ನು ಓರೆಯಾಗಿ ಹಿಡಿದಾಗ ಅಂಚೆ ಮುದ್ರೆಯ ವೃತ್ತದಲ್ಲಿ ನವೆಂಬರ್ ತಿಂಗಳ ಸಂಕ್ಷೇಪ ಮತ್ತು ಇಸವಿಯ ಕೊನೆಯ ಅಂಕಿ 8 ಸ್ಪಷ್ಟವಾಗಿ ಎದ್ದು ಬಂದವು. ಅದರ ಹಿಂದಿನ ಅಂಕಿ ಅಳಿಸಿಹೋಗಿದೆ. ಆದರೆ 1914ರಲ್ಲಿ ಹುಟ್ಟಿದವರು ಮಗುವಾಗಿರುವ, 8ರಿಂದ ಕೊನೆಗೊಳ್ಳುವ ವರ್ಷ ಒಂದೇ. ಶಾಲೆಯ ದಾಖಲೆಯನ್ನೂ ಮತ್ತೆ ನೋಡಿದೆ. ಪೋಷಕರ ಜಾಗದಲ್ಲಿ ಸೋದರಮಾವನ ಹೆಸರೇ ಇದೆ. ಇಷ್ಟು ವರ್ಷ ಆ ಹೆಸರನ್ನು ನೋಡಿಯೂ ನಾನು ಅದರ ಮುಂದಕ್ಕೆ ಯೋಚಿಸಿರಲಿಲ್ಲ.

ಸಂಖ್ಯೆ 9ರ ಕಡತದಲ್ಲಿ ಈಗ ಮೂರು ಹಾಳೆಗಳಿವೆ. ಮರಣದ ವರ್ಷ 1918, ಕಾರಣ ಇನ್‌ಫ್ಲುಯೆಂಜಾ ಎಂದು ಬರೆದುಬಿಡಬಹುದೇ?

ಎಳೆಹಿಡಿದು

ನಿಮ್ಮ ಬರಹವನ್ನು ಎರಡು ಸಲ ಓದಿದೆ. ಮನಸ್ಸು ತುಂಬಿಬಂತು.

ವರ್ಷದ ಬಗ್ಗೆ ‘1918ರ ನವೆಂಬರ್‌ಗೆ ಮುಂಚೆ ಅಥವಾ ಆ ತಿಂಗಳಲ್ಲಿ, ಬಹುಶಃ ಅದೇ ವರ್ಷ’ ಎಂದು ಬರೆಯಿರಿ. ಕಾರ್ಡು ಹೇಳುವುದು ಆ ಹೊತ್ತಿಗೆ ತಾಯಿ ಮಗುವಿನ ಬಳಿ ಇರಲಿಲ್ಲ ಎಂಬುದನ್ನು ಮಾತ್ರ, ತೀರಿಕೊಂಡಿದ್ದರು ಎಂಬುದು ನಾವು ಅದರಿಂದ ತೆಗೆದ ಅರ್ಥ. ಕಾರಣದ ಜಾಗದಲ್ಲಿ ‘ಜ್ವರ, ಮನೆಯಲ್ಲಿ ಉಳಿದುಬಂದ ಮಾತಿನ ಪ್ರಕಾರ’ ಎಂದಿರಲಿ, ಇನ್‌ಫ್ಲುಯೆಂಜಾ ಎಂಬುದನ್ನು ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಪಕ್ಕದಲ್ಲಿ ಬರೆದಿಡಿ. ಅತ್ತೆಯವರ ಮಾತನ್ನು ಕರೆಯ ದಿನಾಂಕದೊಂದಿಗೆ, ಅವರ ಪದಗಳಲ್ಲೇ, ಒಂದಕ್ಷರವನ್ನೂ ತಿದ್ದದೆ ಉಳಿಸಿಕೊಳ್ಳಿ. ಪತ್ರಾಗಾರದವರಿಗೆ ಈಗಲೇ ಇನ್ನೊಂದು ಮಿಂಚಂಚೆ ಬರೆದು, 1918ರ ಸೆಪ್ಟೆಂಬರ್‌ನಿಂದ 1919ರ ಮಾರ್ಚ್‌ವರೆಗಿನ ಮರಣದ ಪುಸ್ತಕಗಳ ಕ್ರಮಸಂಖ್ಯೆಯನ್ನು ಕೇಳಿಟ್ಟುಕೊಂಡರೆ, ತೆರೆದ ದಿನ ನೇರವಾಗಿ ಆ ಪುಸ್ತಕಗಳನ್ನೇ ತರಿಸಿಕೊಳ್ಳಬಹುದು.

ಹಳೆಯಟ್ರಂಕು

ಹಾಗೆಯೇ ಬರೆದಿದ್ದೇನೆ, ಮಿಂಚಂಚೆಯನ್ನೂ ಕಳುಹಿಸಿದೆ. ಕಾರ್ಡಿನ ಚಿತ್ರವನ್ನು ಅತ್ತೆಗೆ ತೋರಿಸಬೇಕೇ ಬೇಡವೇ ಎಂದು ಎರಡು ದಿನ ಯೋಚಿಸಿ, ಕೊನೆಗೆ ಅವರನ್ನೇ ಕೇಳಿದೆ. ಓದಿ ಹೇಳು ಎಂದರು. ಓದಿದೆ. ಮಾವನ ಅಕ್ಷರ ಹೇಗಿದೆ ಎಂದು ಕೇಳಿದರು, ದುಂಡಗಿದೆ ಎಂದೆ. ಭಾನುವಾರ ಮತ್ತೆ ಕರೆ ಮಾಡು, ಮಾವನ ಮನೆಯ ವಿಷಯ ಇನ್ನೂ ಇದೆ ಎಂದಿದ್ದಾರೆ.